ಹೊಟ್ಟೆಯ ಗೋಡೆ ಮತ್ತೆ ಕಟ್ಟುವ ಆಪರೇಷನ್: ಹೋಗುವ ಮೊದಲು, ಬಂದ ಮೇಲೆ

ಒಂದೇ ಪ್ರಶ್ನೆ ಪದೇ ಪದೇ ಬರುತ್ತದೆ. "ಹಿಂದೆ ಹೊಟ್ಟೆ ಆಪರೇಷನ್ ಆಗಿತ್ತು. ಈಗ ಹೊಲಿಗೆ ಹಾಕಿದ ಜಾಗ ಕುಂಬಳಕಾಯಿಯಷ್ಟು ಉಬ್ಬಿದೆ. ಡಾಕ್ಟರ್ ನೋಡಿ, ಇದು ಸಾದಾ ಹರ್ನಿಯಾ ಅಲ್ಲ, ತೊಡೆಯಿಂದ ಮಾಂಸ ತಂದು ಮುಚ್ಚಬೇಕಾಗಬಹುದು ಅಂದರು. ಹೀಗೂ ಮಾಡ್ತಾರಾ?"

ಮಾಡುತ್ತಾರೆ. ನಾನು ಕಲಬುರಗಿಯಲ್ಲಿ ಸರ್ಜರಿ ವಾರ್ಡಿನ ನರ್ಸ್. ಯಾರಿಗೆ ಯಾವ ಆಪರೇಷನ್ ಅಂತ ಹೇಳುವವರು ಡಾಕ್ಟರ್. ಆದರೆ ಆಪರೇಷನ್ನಿಗೆ ಮೊದಲಿನ ಮೂರು ತಿಂಗಳು, ಆಮೇಲಿನ ಮೂರು ತಿಂಗಳು ಏನಾಗುತ್ತದೆ ಅನ್ನುವುದನ್ನು ಮಂಚದ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಆಪರೇಷನ್ ಥಿಯೇಟರಿನ ಆರೇಳು ಗಂಟೆಗಿಂತ ಈ ಆರು ತಿಂಗಳೇ ಜಾಸ್ತಿ ಮುಖ್ಯ ಅಂತ ನನ್ನ ಅನಿಸಿಕೆ.

ಮೊದಲು ಗೋಡೆ ಅಂದರೇನು ಅಂತ ನೋಡೋಣ

ಹೊಟ್ಟೆಯ ಮುಂಭಾಗ ಬರೀ ಚರ್ಮವಲ್ಲ. ಚರ್ಮ, ಅದರ ಕೆಳಗೆ ಕೊಬ್ಬು, ಆಮೇಲೆ ಸ್ನಾಯುಗಳು. ಮಧ್ಯದಲ್ಲಿ ಪಕ್ಕೆಲುಬಿನಿಂದ ಕೆಳಹೊಟ್ಟೆಯ ಮೂಳೆಯವರೆಗೆ ಎರಡು ಉದ್ದ ಪಟ್ಟಿಯಂಥ ಸ್ನಾಯುಗಳಿವೆ. ಇವುಗಳಿಗೆ ರೆಕ್ಟಸ್ ಅನ್ನುತ್ತಾರೆ. ಎರಡನ್ನೂ ಕೂಡಿಸುವುದು ನಡುವಿನ, ಹೊಲಿಗೆ ಗೆರೆಯಂಥ ಒಂದು ಬಿಳಿ ಪಟ್ಟಿ. ಎರಡೂ ಪಕ್ಕಗಳಲ್ಲಿ ಮೂರು ಮೂರು ಪದರ ಚಪ್ಪಟೆ ಸ್ನಾಯು, ಒಂದರ ಮೇಲೊಂದು ಕೌದಿಯ ಪದರಗಳ ಹಾಗೆ. ಕೆಮ್ಮುವಾಗ, ಎದ್ದು ಕೂರುವಾಗ, ಭಾರ ಎತ್ತುವಾಗ ಕರುಳನ್ನು ಒಳಗೆ ಹಿಡಿದಿಡುವುದು ಇದೇ ಗೋಡೆ.

ಇದು ದೊಡ್ಡದಾಗಿ ಒಡೆಯಲು ಕಾರಣ ಹಲವು. ಕರುಳು ತೂತಾಗಿ ತುರ್ತಾಗಿ ಹೊಟ್ಟೆ ತೆರೆದಿರುತ್ತಾರೆ, ಗಾಯದಲ್ಲಿ ಕೀವಾಗಿ ಹೊಲಿಗೆ ಬಿಟ್ಟಿರುತ್ತದೆ. ಅಪಘಾತ, ಎತ್ತು ಇರಿದದ್ದು, ಗೋಡೆಯಲ್ಲೇ ಬೆಳೆದ ಗೆಡ್ಡೆ ತೆಗೆದದ್ದು, ಮಾಂಸ ಕೊಳೆಯುವ ಸೋಂಕು, ಇವೂ ಕಾರಣವಾಗಬಹುದು. ಬಿರುಕಿನ ಅಗಲ 10 ಸೆಂಟಿಮೀಟರ್ ದಾಟಿದರೆ ಸಾಮಾನ್ಯವಾಗಿ ಅದನ್ನು ದೊಡ್ಡದು ಎಂದು ಲೆಕ್ಕ ಹಾಕುತ್ತಾರೆ. ಹೊರಗೆ ಕಾಣುವ ಉಬ್ಬಿನ ಗಾತ್ರ ಬೇರೆ, ಒಳಗಿನ ಬಿರುಕಿನ ಅಗಲ ಬೇರೆ. ದೊಡ್ಡ ಉಬ್ಬಿಗೆ ಸಣ್ಣ ಬಾಯಿ ಇರಬಹುದು. ಅದಕ್ಕೇ ಕೈಯಿಂದ ಮುಟ್ಟಿ ನೋಡಿದರೆ ಸಾಲದು, ಸಿ.ಟಿ. ಸ್ಕ್ಯಾನ್ ಬೇಕು.

ಇನ್ನೆರಡು ಪದ. ಗ್ರಾಫ್ಟ್ ಅಂದರೆ ತೆಳ್ಳಗೆ ಹೆರೆದು ತಂದು ಹಚ್ಚಿದ ಚರ್ಮ. ಅದಕ್ಕೆ ಸ್ವಂತ ರಕ್ತನಾಳ ಇರುವುದಿಲ್ಲ, ಕೆಳಗಿನ ಜಾಗದ ರಕ್ತ ಕುಡಿದು ಬದುಕಬೇಕು. ಫ್ಲ್ಯಾಪ್ ಹಾಗಲ್ಲ. ಚರ್ಮ, ಕೊಬ್ಬು, ಕೆಲವೊಮ್ಮೆ ಸ್ನಾಯು ಅಥವಾ ಅದರ ಮೇಲಿನ ಗಟ್ಟಿ ಪೊರೆ ಎಲ್ಲವನ್ನೂ ಅದರ ರಕ್ತನಾಳದ ಸಮೇತ ಸರಿಸಿ ತರುತ್ತಾರೆ. ಹೊಲದಲ್ಲಿ ಪೈಪ್ ಕಡಿಯದೆ ಅದರ ಬಾಯಿಯನ್ನಷ್ಟೇ ಪಕ್ಕದ ಸಾಲಿಗೆ ತಿರುಗಿಸುತ್ತೀರಲ್ಲ, ಹಾಗೆ. ಆ ಪೈಪ್ ಮಡಚಿದರೆ ಅಥವಾ ಅದರ ಮೇಲೆ ಭಾರ ಬಿದ್ದರೆ ಫ್ಲ್ಯಾಪ್ ಸಾಯುತ್ತದೆ. ಮುಂದೆ ನಾನು ಹೇಳುವ ಅರ್ಧ ಎಚ್ಚರಿಕೆಗಳಿಗೆ ಕಾರಣ ಇದೊಂದೇ.

ಹಂತ 1: ಇದು ಇವತ್ತೇ ಓಡಬೇಕಾದ್ದಾ, ಕಾಯಬಹುದಾದ್ದಾ?

ಉಬ್ಬು ಗಟ್ಟಿಯಾಗಿ ನೋಯುತ್ತಿದೆ, ಮಲಗಿದರೂ ಒಳಗೆ ಹೋಗುತ್ತಿಲ್ಲ, ವಾಂತಿ ಆಗುತ್ತಿದೆ, ಗಾಳಿಯೂ ಹೋಗುತ್ತಿಲ್ಲ, ಮೇಲಿನ ಚರ್ಮ ಕೆಂಪಾಗಿದೆ ಅಥವಾ ಕಪ್ಪಾಗುತ್ತಿದೆ. ಇವುಗಳಲ್ಲಿ ಯಾವುದು ಕಂಡರೂ ಈ ಲೇಖನ ಬಿಟ್ಟು 108ಕ್ಕೆ ಫೋನ್ ಮಾಡಿ. ಕರುಳು ಸಿಕ್ಕಿಕೊಂಡಿರಬಹುದು. ಎಣ್ಣೆ ಹಚ್ಚಿ ತಿಕ್ಕಿ ಒಳಗೆ ತಳ್ಳುವವರ ಹತ್ತಿರ ದಯವಿಟ್ಟು ಹೋಗಬೇಡಿ.

ಇವು ಯಾವುವೂ ಇಲ್ಲದಿದ್ದರೆ ಅವಸರ ಬೇಡ. "ನಾಳೆನೇ ಮಾಡಿಬಿಡಿ" ಅಂತ ಡಾಕ್ಟರ ಬೆನ್ನು ಹತ್ತುವವರು ಬಹಳ. ಹಿಂದಿನ ಆಪರೇಷನ್ನಿನಲ್ಲಿ ಹೊಟ್ಟೆ ಮುಚ್ಚಲಾಗದೆ ಕರುಳಿನ ಮೇಲೆ ನೇರ ಚರ್ಮ ಹಚ್ಚಿದ್ದರೆ, ಸಾಮಾನ್ಯವಾಗಿ 6ರಿಂದ 12 ತಿಂಗಳು ಕಾಯಿಸುತ್ತಾರೆ. ಆ ಚರ್ಮ ಕರುಳಿಗೆ ಅಂಟಿಕೊಂಡಿರುತ್ತದೆ. ದಿನ ಕಳೆದಂತೆ ಬಿಡುತ್ತದೆ. ಎರಡು ಬೆರಳಲ್ಲಿ ಚಿವುಟಿ ಎತ್ತಿದಾಗ ಚರ್ಮ ಕರುಳಿನಿಂದ ಬಿಟ್ಟು ಸಡಿಲವಾಗಿ ಎದ್ದು ಬಂದರೆ ಸಮಯ ಬಂದಿದೆ ಅಂತ ಅರ್ಥ. ಅದಕ್ಕೂ ಮೊದಲು ಕೈ ಹಾಕಿದರೆ ಬಿಡಿಸುವಾಗ ಕರುಳೇ ತೂತಾಗುವ ಭಯ.

ಹಂತ 2: ಕಾಗದಗಳು

ಬೇಕಾದವು: ಹಿಂದಿನ ಎಲ್ಲ ಆಪರೇಷನ್ನುಗಳ ಡಿಸ್ಚಾರ್ಜ್ ಕಾರ್ಡ್, ಸಿಕ್ಕರೆ ಆಪರೇಷನ್ ನೋಟ್ಸ್, ಸಿ.ಟಿ. ಸ್ಕ್ಯಾನಿನ ಫಿಲ್ಮ್ ಅಥವಾ ಸಿ.ಡಿ., ಆಧಾರ್, ರೇಷನ್ ಕಾರ್ಡ್. ಡಿಸ್ಚಾರ್ಜ್ ಕಾರ್ಡ್ ಕಳೆದಿದ್ದರೆ ಆ ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟು ಕೇಳಿ. ಒಳಗೆ ಹಳೆಯ ಮೆಶ್ ಇದೆಯಾ, ಎಷ್ಟು ಕರುಳು ತೆಗೆದಿದ್ದಾರೆ ಅಂತ ಹೊಸ ಡಾಕ್ಟರಿಗೆ ಗೊತ್ತಾಗುವುದು ಅದರಿಂದಲೇ. ಮೆಶ್ ಅಂದರೆ ಗೋಡೆಗೆ ಆಸರೆಯಾಗಿ ಇಡುವ, ಸೊಳ್ಳೆಪರದೆಯಂಥ ಬಲೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎ.ಪಿ.ಎಲ್. ಕಾರ್ಡಿನವರಿಗೆ ಪ್ಯಾಕೇಜ್ ದರದ 30% ಮಾತ್ರ, ಉಳಿದದ್ದು ಕೈಯಿಂದ. ಜನ ಎಡವುವುದು ರೆಫರಲ್‌ನಲ್ಲಿ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು. ಅಲ್ಲಿ ಆಗದಿದ್ದರೆ ಅವರೇ ರೆಫರಲ್ ಬರೆದುಕೊಡಬೇಕು. ನೇರ ಖಾಸಗಿಗೆ ಹೋಗಿ ದಾಖಲಾಗಿ ಆಮೇಲೆ ಕಾರ್ಡ್ ತೋರಿಸಿದರೆ ಕೆಲಸ ಆಗುವುದಿಲ್ಲ. ಹೋದ ಕಡೆ ಈ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರ ಕೌಂಟರಿನಲ್ಲಿ ಎರಡು ಪ್ರಶ್ನೆ ಕೇಳಿ: ಈ ಆಪರೇಷನ್ನಿಗೆ ಮಂಜೂರಾತಿ ಬಂದಿದೆಯಾ? ಮೆಶ್ ಪ್ಯಾಕೇಜಿನಲ್ಲಿ ಸೇರಿದೆಯಾ, ಹೊರಗಿನಿಂದ ತರಬೇಕಾ?

ಹಂತ 3: ಎಲ್ಲಿ ಮಾಡಿಸುವುದು

ಕಲಬುರಗಿಯವರಿಗೆ ಜಿಮ್ಸ್, ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್, ಅಂದರೆ ಆಯಾ ಜಿಲ್ಲೆಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯೇ ಮೊದಲ ಬಾಗಿಲು. ತಪಾಸಣೆ, ಸ್ಕ್ಯಾನ್, ರೆಫರಲ್ ಅಲ್ಲಿಂದ ಶುರುವಾಗಲಿ. ಆಪರೇಷನ್ ಎಲ್ಲಿ ಅಂತ ತೀರ್ಮಾನಿಸುವಾಗ ಆಸ್ಪತ್ರೆಯ ಹೆಸರಿಗಿಂತ ಇಷ್ಟನ್ನು ನೋಡಿ: ಜನರಲ್ ಸರ್ಜನ್ ಜೊತೆಗೆ ಪ್ಲಾಸ್ಟಿಕ್ ಸರ್ಜನ್ ಇದ್ದಾರಾ, ವೆಂಟಿಲೇಟರ್ ಇರುವ ಐ.ಸಿ.ಯು. ಇದೆಯಾ, ಬ್ಲಡ್ ಬ್ಯಾಂಕ್ ಕೈಗೆ ಸಿಗುತ್ತಾ, ರಾತ್ರಿ ಫ್ಲ್ಯಾಪಿಗೆ ತೊಂದರೆಯಾದರೆ ಅದೇ ಡಾಕ್ಟರ್ ಬಂದು ನೋಡುತ್ತಾರಾ. ಪ್ಲಾಸ್ಟಿಕ್ ಸರ್ಜನ್ ಅಂದರೆ ಮೂಗು ತಿದ್ದುವವರು ಅಂತ ನಗಬೇಡಿ. ಫ್ಲ್ಯಾಪ್ ಅವರ ಕಸುಬು.

ಹೈದರಾಬಾದ್, ಸೊಲ್ಲಾಪುರ, ಬೆಂಗಳೂರು ಅಂತ ಹೊರಡುವ ಮೊದಲು ವಾಪಸ್ ಬರುವ ದಾರಿ ಲೆಕ್ಕ ಹಾಕಿ. ಹೋಗುವಾಗ ಬಸ್ಸಿನಲ್ಲಿ ಕೂತು ಹೋಗಿಬಿಡಬಹುದು. ತೊಡೆ, ಹೊಟ್ಟೆ ಎರಡೂ ಕಡೆ ಹೊಲಿಗೆ ಇಟ್ಟುಕೊಂಡು ಹಾಗೆ ಬರಲು ಆಗುವುದಿಲ್ಲ. ರೈಲಿನ ಕೆಳಗಿನ ಬರ್ತ್ ಇದ್ದರೆ ಉತ್ತಮ. ಡ್ರೆಸ್ಸಿಂಗಿಗೆ ಪ್ರತಿ ವಾರ ಅಲ್ಲಿಗೇ ಹೋಗಬೇಕಾ, ನಮ್ಮೂರಲ್ಲೇ ಮಾಡಿಸಬಹುದಾ ಅಂತಲೂ ಮೊದಲೇ ಕೇಳಿ.

ಹಂತ 4: ತಯಾರಿ

ಇದೇ ದೊಡ್ಡ ಹಂತ, ಇದೇ ಜನ ಹಾರಿಸುವ ಹಂತ.

ತಂಬಾಕು. ಕಡಿಮೆ ಅಂದರೆ ನಾಲ್ಕು ವಾರ ಮೊದಲೇ ಪೂರ್ತಿ ಬಿಡಬೇಕು. "ಬೀಡಿ ಬಿಟ್ಟೀನ್ರಿ ಸಿಸ್ಟರ್, ಈಗ ಖಾಲಿ ತಂಬಾಕು ತಿಂತೀನಿ" ಅಂತ ಒಬ್ಬ ಹಿರಿಯರು ಹೆಮ್ಮೆಯಿಂದ ಹೇಳಿದ್ದರು. ನಿಕೋಟಿನ್ ಹೊಗೆಯಲ್ಲಿ ಬಂದರೂ ಒಂದೇ, ದವಡೆಯಲ್ಲಿಟ್ಟರೂ ಒಂದೇ. ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ. ಫ್ಲ್ಯಾಪಿನ ತುದಿ ಬದುಕುವುದು ಆ ಸಣ್ಣ ನಾಳಗಳಿಂದಲೇ. ಬೀಡಿ ಸೇದುವವರಿಗೆ ಇನ್ನೊಂದು ಕಷ್ಟ, ಕೆಮ್ಮು. ಒಂದೊಂದು ಕೆಮ್ಮೂ ಹೊಸ ಹೊಲಿಗೆಯನ್ನು ಜಗ್ಗುತ್ತದೆ.

ಸಕ್ಕರೆ. ಇವತ್ತಿನ ಸಕ್ಕರೆ ಸರಿ ಇದ್ದರೆ ಸಾಲದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿ. ಅದು 8ರ ಕೆಳಗೆ ಬರಲಿ ಅಂತ ಬಹಳ ಡಾಕ್ಟರುಗಳು ಕಾಯುತ್ತಾರೆ, ಇನ್ನೂ ಕಡಿಮೆ ಇರಲಿ ಅನ್ನುವವರೂ ಇದ್ದಾರೆ.

ತೂಕ ಜಾಸ್ತಿ ಇದ್ದರೆ ಇಳಿಸಲು ಹೇಳುತ್ತಾರೆ. ಇಳಿಸಿ ಅಂದರೆ ಉಪವಾಸ ಕೂರಿ ಅಂತಲ್ಲ. ಗಾಯ ಕೂಡಲು ಪ್ರೋಟೀನ್ ಬೇಕೇ ಬೇಕು. ದಿನಕ್ಕೆ ಒಂದು ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ. ಅಂದರೆ 60 ಕಿಲೋ ಇರುವವರಿಗೆ 72ರಿಂದ 90 ಗ್ರಾಂ. ಪೌಡರ್ ಡಬ್ಬಿ ಕೊಳ್ಳಲೇಬೇಕಂತಿಲ್ಲ, ನಾವು ಕೂತಿರುವುದೇ ತೊಗರಿ ಕಣಜದ ಮೇಲೆ. ಲೆಕ್ಕ ನೋಡಿ: 200 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 20 ಗ್ರಾಂ, 75 ಗ್ರಾಂ ತೊಗರಿಬೇಳೆಯಲ್ಲಿ 16, ಮೂರು ಮೊಟ್ಟೆಯಲ್ಲಿ 18, ಅರ್ಧ ಲೀಟರ್ ಹಾಲು ಅಥವಾ ಮೊಸರಿನಲ್ಲಿ 16, ಒಂದು ಹಿಡಿ ಶೇಂಗಾದಲ್ಲಿ 10ರಿಂದ 12. ಎಂಬತ್ತು ದಾಟಿತು. ಮೊಟ್ಟೆ ತಿನ್ನದವರು ಬೇಳೆ, ಹೆಸರುಕಾಳು, ಮೊಸರು ಹೆಚ್ಚಿಸಬೇಕು. ಆದರೆ ಬೇಳೆ ಅಂದರೆ ಗಟ್ಟಿ ಬೇಳೆ. ತಿಳಿ ಸಾರಿಗೆ ಬಣ್ಣ ಇದೆ, ಪ್ರೋಟೀನ್ ಇಲ್ಲ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ ತಿನ್ನಿ.

ಉಸಿರು. ಮೂರು ಚೆಂಡಿನ ಊದುಗ ಅಂತ ಎಲ್ಲರೂ ಕರೆಯುವ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ. ಹೆಸರು ಊದುಗ, ಕೆಲಸ ಎಳೆಯುವುದು. ಬಾಯಲ್ಲಿಟ್ಟು ಗಾಳಿಯನ್ನು ನಿಧಾನ ಒಳಗೆ ಎಳೆದು ಚೆಂಡನ್ನು ಮೇಲೆ ನಿಲ್ಲಿಸಬೇಕು. ಹತ್ತರಲ್ಲಿ ಆರು ಜನ ಪೀಪಿಯ ಹಾಗೆ ಊದುತ್ತಾರೆ. ಆಪರೇಷನ್ನಿಗೆ ಎರಡು ವಾರ ಮೊದಲೇ ರೂಢಿ ಮಾಡಿಕೊಳ್ಳಿ.

ಯಾಕೆ ಇಷ್ಟೊಂದು ಉಸಿರಿನ ಮಾತು? ವರ್ಷಗಟ್ಟಲೆ ಕರುಳು ಹೊರಗೇ ಉಳಿದರೆ ಒಳಗಿನ ಹೊಟ್ಟೆ ಕುಗ್ಗಿಬಿಡುತ್ತದೆ. ಊರು ಬಿಟ್ಟು ಹೋದವರ ಕೋಣೆಯಲ್ಲಿ ಮನೆಯವರು ಚೀಲ, ಡಬ್ಬಿ ಒಟ್ಟಿಬಿಟ್ಟ ಹಾಗೆ, ಹತ್ತು ವರ್ಷದ ಮೇಲೆ ಬಂದರೆ ಮಂಚಕ್ಕೂ ಜಾಗವಿಲ್ಲ. ಒತ್ತಾಯದಿಂದ ಕರುಳು ತುಂಬಿ ಹೊಲಿದರೆ ಎದೆಯ ಕೆಳಗಿನ ಪೊರೆ ಮೇಲೆ ಸರಿದು ಉಸಿರು ಕಟ್ಟುತ್ತದೆ. ಕಿಡ್ನಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಪ್ರಾಣಕ್ಕೇ ಅಪಾಯ. ಅದಕ್ಕೇ ಕೆಲವರಿಗೆ ಸುಮಾರು ನಾಲ್ಕು ವಾರ ಮೊದಲು ಪಕ್ಕದ ಸ್ನಾಯುಗಳಿಗೆ ಬೊಟಾಕ್ಸ್ ಇಂಜೆಕ್ಷನ್ ಕೊಟ್ಟು ಸಡಿಲ ಮಾಡುತ್ತಾರೆ. ಹೌದು, ಸಿನಿಮಾದವರು ಮುಖಕ್ಕೆ ಹಾಕಿಸಿಕೊಳ್ಳುವ ಅದೇ ಔಷಧಿ. ಇನ್ನು ಕೆಲವರಿಗೆ ಹೊಟ್ಟೆಯೊಳಗೆ ದಿನಾ ಸ್ವಲ್ಪ ಸ್ವಲ್ಪ ಗಾಳಿ ತುಂಬಿ ಜಾಗ ಹಿಗ್ಗಿಸುತ್ತಾರೆ.

ಚರ್ಮ. ಉಬ್ಬಿನ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಹುಣ್ಣಾಗಿರುತ್ತದೆ, ನಮ್ಮ ಬಿಸಿಲಿನಲ್ಲಿ ಇದು ಬಹಳ ಸಾಮಾನ್ಯ. ಅದು ಒಣಗದೆ ಆಪರೇಷನ್ ಇಲ್ಲ. ದಿನಾ ತೊಳೆದು, ಒರೆಸಿ, ಹಳೆಯ ಹತ್ತಿ ಬಟ್ಟೆ ಮಡಚಿ ಮಡಿಕೆಯಲ್ಲಿ ಇಡಿ. ಅರಿಶಿನ, ಭಸ್ಮ ತುಂಬಬೇಡಿ.

ತಾರೀಕು ಹಿಡಿಯುವಾಗ ಹೊಲದ ಕೆಲಸವನ್ನೂ ನೋಡಿಕೊಳ್ಳಿ. ತೊಗರಿ ರಾಶಿ ಎದುರಿಗಿರುವಾಗ ಆಪರೇಷನ್ ಮಾಡಿಸಿಕೊಂಡವರು ಮಂಚದ ಮೇಲೆ ಇರುವುದಿಲ್ಲ, ಕಣದಲ್ಲಿ ಇರುತ್ತಾರೆ. ರಾಶಿ ಮುಗಿಯಲಿ. ಹೆಣ್ಣುಮಕ್ಕಳು ಮುಂದೆ ಮಗು ಬೇಕೆಂದಿದ್ದರೆ ಅದನ್ನೂ ಈಗಲೇ ಹೇಳಿ. ಅದರ ಮೇಲೆ ಡಾಕ್ಟರ ಯೋಜನೆಯೇ ಬದಲಾಗಬಹುದು.

ಹಂತ 5: ಯಾವ ದಾರಿ ಹಿಡಿಯುತ್ತಾರೆ

ಎಲ್ಲರಿಗೂ ತೊಡೆಯ ಮಾಂಸ ಬೇಕಾಗುವುದಿಲ್ಲ. ಮೊದಲ ಪ್ರಯತ್ನ ಹೊಟ್ಟೆಯದೇ ಸ್ನಾಯುಗಳನ್ನು ನಡುವಿಗೆ ತರುವುದು. ಪಕ್ಕದ ಮೂರು ಪದರಗಳಲ್ಲಿ ಒಂದನ್ನು ಬಿಡಿಸಿದರೆ ರೆಕ್ಟಸ್ ಪಟ್ಟಿ ತನ್ನ ರಕ್ತ, ನರಗಳ ಸಮೇತ ನಡುವಿಗೆ ಸರಿಯುತ್ತದೆ. ಇದಕ್ಕೆ ಕಾಂಪೊನೆಂಟ್ ಸೆಪರೇಷನ್ ಅನ್ನುತ್ತಾರೆ. ರಮಿರೆಜ್ ಮತ್ತು ಜೊತೆಗಾರರು 1990ರಲ್ಲಿ ವಿವರಿಸಿದ ವಿಧಾನ. ಸೊಂಟದ ಮಟ್ಟದಲ್ಲಿ ಒಂದೊಂದು ಕಡೆಯಿಂದ 8ರಿಂದ 10 ಸೆಂಟಿಮೀಟರ್ ಸಿಗಬಹುದು, ಮೇಲ್ಹೊಟ್ಟೆಯಲ್ಲಿ ಕಡಿಮೆ, ಕೆಳಹೊಟ್ಟೆಯಲ್ಲಿ ಇನ್ನೂ ಕಡಿಮೆ. ಎಲ್ಲಕ್ಕಿಂತ ಒಳಗಿನ ಪದರವನ್ನು ಬಿಡಿಸುವ ಹೊಸ ವಿಧಾನವೂ ಇದೆ, ಅದಕ್ಕೆ ಟಿ.ಎ.ಆರ್. ಅಂತ ಹೆಸರು. ಇವುಗಳ ಜೊತೆ ಸಾಮಾನ್ಯವಾಗಿ ಮೆಶ್ ಇಡುತ್ತಾರೆ. ಇದೂ ಒಂದು ರೀತಿ ಫ್ಲ್ಯಾಪೇ, ದೂರದಿಂದ ತಂದದ್ದಲ್ಲ ಅಷ್ಟೆ.

ಸ್ನಾಯುವೇ ಹೋಗಿದ್ದರೆ, ಅಥವಾ ಮೇಲೆ ಮುಚ್ಚಲು ಒಳ್ಳೆಯ ಚರ್ಮ ಇಲ್ಲದಿದ್ದರೆ ತೊಡೆಗೆ ಬರುತ್ತಾರೆ. ತೊಡೆಯ ಹೊರಭಾಗದ ಟಿ.ಎಫ್.ಎಲ್. ಫ್ಲ್ಯಾಪ್, ಮುಂದಿನ-ಹೊರಭಾಗದ ಎ.ಎಲ್.ಟಿ. ಫ್ಲ್ಯಾಪ್, ಇವೆರಡೂ ಜಾಸ್ತಿ ಬಳಕೆಯಲ್ಲಿವೆ. ಎರಡಕ್ಕೂ ರಕ್ತ ಬರುವುದು ತೊಡೆಯ ಮೇಲ್ಭಾಗದ ಒಂದೇ ನಾಳದ ಬೇರೆ ಬೇರೆ ಕವಲುಗಳಿಂದ. ಜೊತೆಗೆ ಬರುವ ಗಟ್ಟಿ ಬಿಳಿ ಪೊರೆ ಗೋಡೆಗೆ ಆಸರೆಯಾಗುತ್ತದೆ. ಕೆಳಹೊಟ್ಟೆಗೆ ಇವು ಸುಲಭವಾಗಿ ಮುಟ್ಟುತ್ತವೆ. ಪಕ್ಕೆಲುಬಿನ ಹತ್ತಿರದ ಬಿರುಕಿಗೆ ಉದ್ದ ಸಾಲದು. ಆಗ ಬೆನ್ನಿನ ಸ್ನಾಯು ತರುತ್ತಾರೆ, ಇಲ್ಲವೇ ಫ್ಲ್ಯಾಪನ್ನು ಪೂರ್ತಿ ಬಿಡಿಸಿ ಮೈಕ್ರೋಸ್ಕೋಪಿನಡಿ ರಕ್ತನಾಳ ಜೋಡಿಸುತ್ತಾರೆ.

ಒಂದು ಮಾತು ಮೊದಲೇ ಕೇಳಿಸಿಕೊಂಡಿರಿ. ತೊಡೆಯಿಂದ ಬಂದದ್ದು ಹೊದಿಕೆ. ಹೊಟ್ಟೆಯ ಸ್ನಾಯುವಿನ ಹಾಗೆ ಬಿಗಿಯುವ ಕೆಲಸ ಅದು ಸಾಮಾನ್ಯವಾಗಿ ಮಾಡುವುದಿಲ್ಲ. ಸ್ವಲ್ಪ ಉಬ್ಬು ಉಳಿಯಬಹುದು. ತೊಡೆಯ ಮೇಲೆ ಉದ್ದ ಗಾಯದ ಗುರುತು, ಅಗಲ ಜಾಸ್ತಿಯಾದರೆ ಅಲ್ಲಿಗೂ ಚರ್ಮದ ಗ್ರಾಫ್ಟ್. "ಹೊಟ್ಟೆ ಚಪ್ಪಟೆ ಆಗಲಿಲ್ಲ" ಅಂತ ಆಮೇಲೆ ಬೇಸರ ಮಾಡಿಕೊಳ್ಳುವವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಹಂತ 6: ಆಪರೇಷನ್ ದಿನ

ಇದು ವೈದ್ಯರ ದಿನ, ಮನೆಯವರಿಗೆ ಕೆಲಸ ಕಡಿಮೆ. ಆಪರೇಷನ್ ಆದ ಮೇಲೆ ಗಂಟಲಲ್ಲಿ ಪೈಪ್ ಇದ್ದು ಒಂದು ರಾತ್ರಿ ವೆಂಟಿಲೇಟರ್ ಮೇಲೆ ಇಟ್ಟರೆ ಗಾಬರಿಯಾಗಬೇಡಿ, ಎಷ್ಟೋ ಸಲ ಅದು ಮೊದಲೇ ಯೋಚಿಸಿದ್ದು. ಮೂತ್ರದ ಪೈಪಿನ ಮೂಲಕ ಹೊಟ್ಟೆಯ ಒತ್ತಡ ಅಳೆಯುತ್ತಿರುತ್ತಾರೆ, ಅದೂ ಮಾಮೂಲು.

ಹಂತ 7: ವಾರ್ಡಿನಲ್ಲಿ ಫ್ಲ್ಯಾಪ್ ಕಾಯುವುದು

ಮೊದಲ ಎರಡು ದಿನ ನಾವು ಗಂಟೆಗೊಮ್ಮೆ ಬಂದು ಫ್ಲ್ಯಾಪ್ ನೋಡುತ್ತೇವೆ. ನಿದ್ದೆ ಕೆಡುತ್ತದೆ ಅಂತ ಬೈಯಬೇಡಿ. ನೋಡುವುದು ಮೂರು: ಬಣ್ಣ, ಬಿಸಿ, ಮರಳುವ ವೇಗ. ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಬಿಳಿಚಿಕೊಂಡು ತಣ್ಣಗಾದರೆ ರಕ್ತ ಒಳಗೆ ಬರುತ್ತಿಲ್ಲ. ನೀಲಿಯಾಗಿ ಊದಿಕೊಂಡು, ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣ ಮರಳಿದರೆ ರಕ್ತ ಹೊರಗೆ ಹೋಗುತ್ತಿಲ್ಲ. ನಮ್ಮ ಕಡೆಯ ಕಪ್ಪು ಮೈಬಣ್ಣದಲ್ಲಿ, ಅದೂ ವಾರ್ಡಿನ ಟ್ಯೂಬ್‌ಲೈಟಿನಲ್ಲಿ, ಬಣ್ಣ ಮೋಸ ಮಾಡುತ್ತದೆ. ನಾನು ಕೈ ಹಿಂಬದಿಯಿಂದ ಮುಟ್ಟಿ ಪಕ್ಕದ ಚರ್ಮದ ಬಿಸಿಯೊಂದಿಗೆ ಹೋಲಿಸುತ್ತೇನೆ. ವ್ಯತ್ಯಾಸ ಕಂಡರೆ ಬೆಳಗಿನ ರೌಂಡ್ಸ್‌ವರೆಗೆ ಕಾಯಬಾರದು. ನಿಮಗೆ ಕಂಡರೂ ಅಷ್ಟೆ, ಆಗಲೇ ಕೂಗಿ. ಬೇಗ ಗೊತ್ತಾದರೆ ಹೊಲಿಗೆ ಸಡಿಲಿಸಿಯೋ ಥಿಯೇಟರಿಗೆ ಮತ್ತೆ ಒಯ್ದೋ ಫ್ಲ್ಯಾಪ್ ಉಳಿಸಬಹುದು.

ಮಂಚದ ತಲೆಭಾಗ ಎತ್ತಿ, ಮೊಣಕಾಲ ಕೆಳಗೆ ದಿಂಬು ಇಟ್ಟು ಅರ್ಧ ಮಡಚಿದ ಹಾಗೆ ಮಲಗಿಸಿರುತ್ತೇವೆ, ಹೊಲಿಗೆ ಜಗ್ಗದಿರಲಿ ಅಂತ. "ಪಾಪ, ಕಾಲು ನೋಯ್ತದ" ಅಂತ ದಿಂಬು ತೆಗೆಯುವ ಅಕ್ಕ-ತಂಗಿಯರೇ, ಕೈ ಮುಗಿಯುತ್ತೇನೆ, ತೆಗೆಯಬೇಡಿ. ಫ್ಲ್ಯಾಪಿನ ಬುಡದ ಮೇಲೆ ಬೆಲ್ಟು, ಲಂಗದ ಲಾಡಿ, ಉಡದಾರ ಯಾವುದೂ ಬರಬಾರದು. ಉಡದಾರ ಕತ್ತರಿಸಲು ಮನಸ್ಸಿಲ್ಲದಿದ್ದರೆ ಬಿಚ್ಚಿ ಮನೆಯವರ ಕೈಗೆ ಕೊಡಿ.

ಡ್ರೈನ್ ಅಂದರೆ ಗಾಯದೊಳಗಿನ ನೀರು ಹೊರಗೆಳೆಯುವ ಪೈಪು, ಬಾಟಲಿ. ದಿನಕ್ಕೆ ಸುಮಾರು 30 ಮಿಲಿಲೀಟರಿಗಿಂತ ಕೆಳಗೆ ಬಂದ ಮೇಲೆ ತೆಗೆಯುವುದು ರೂಢಿ. ಕೆಲವರನ್ನು ಅದರೊಂದಿಗೇ ಮನೆಗೆ ಕಳಿಸುತ್ತಾರೆ. ಪ್ರತಿ ಬೆಳಿಗ್ಗೆ ಒಂದೇ ಸಮಯಕ್ಕೆ ಅಳೆದು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡಿ.

ಡಾಕ್ಟರ್ ಒಪ್ಪಿದ ದಿನದಿಂದಲೇ ನಡೆಯಬೇಕು. ಮಲಗಿಯೇ ಇದ್ದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು.

ಹಂತ 8: ಮನೆಯಲ್ಲಿ

ಭಾರ. ಮೊದಲ ಆರರಿಂದ ಎಂಟು ವಾರ 5 ಕಿಲೋಗಿಂತ ಹೆಚ್ಚು ಎತ್ತಬೇಡಿ. ತುಂಬಿದ ನೀರಿನ ಕೊಡ ಎಂದರೆ ಹದಿನೈದು ಕಿಲೋ. ಮೂರು ವರ್ಷದ ಮೊಮ್ಮಗ ಹನ್ನೆರಡರಿಂದ ಹದಿನಾಲ್ಕು. ಚೀಲ ಹೊರುವುದು, ಹಾರೆ ಹಿಡಿಯುವುದು ಮೂರು ತಿಂಗಳಾದ ಮೇಲೂ ಡಾಕ್ಟರನ್ನು ಕೇಳಿಯೇ.

ಪಾಯಖಾನೆ. ಕುಕ್ಕರುಗಾಲಲ್ಲಿ ಕೂತು ತಿಣುಕುವುದು ಕೆಮ್ಮಿನಷ್ಟೇ ಕೆಟ್ಟದ್ದು. ನಡುವೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಮಲ ಗಟ್ಟಿಯಾಗದಂತೆ ನೀರು, ಸೊಪ್ಪು, ಬೇಕಾದರೆ ಔಷಧಿ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕೆಮ್ಮಿ.

ಹೊಟ್ಟೆಗೆ ಆಸರೆಯ ಬೆಲ್ಟ್. ಡಾಕ್ಟರ್ ಕಟ್ಟಲು ಹೇಳಿದರೆ ಮಾತ್ರ, ಹೇಳಿದಷ್ಟು ವಾರ, ಹೇಳಿದಷ್ಟೇ ಬಿಗಿ. ಒಳಗೆ ಬೆರಳು ಆರಾಮಾಗಿ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕೆಳಗೆ ಹತ್ತಿಯ ಬನಿಯನ್ ಹಾಕಿ, ಎರಡು ಬೆಲ್ಟ್ ಇಟ್ಟುಕೊಂಡು ಒಂದನ್ನು ಒಗೆಯಿರಿ.

ಶಾಖ ಬೇಡವೇ ಬೇಡ. ಸ್ಥಳ ಬದಲಿಸಿದ ಚರ್ಮಕ್ಕೆ ಸ್ಪರ್ಶ ಗೊತ್ತಾಗುವುದಿಲ್ಲ. ನೋವಿಗೆ ಅಂತ ಬಿಸಿನೀರಿನ ಚೀಲ ಇಟ್ಟರೆ ಸುಟ್ಟು ಬೊಬ್ಬೆ ಬಂದರೂ ತಿಳಿಯುವುದಿಲ್ಲ. ಸ್ನಾನದ ನೀರನ್ನೂ ಬೇರೆಯವರು ಕೈ ಹಾಕಿ ನೋಡಲಿ.

ಜ್ವರ, ಕೀವು, ಗಾಯದಿಂದ ಹಸಿರು ಅಥವಾ ಮಲದಂಥ ನೀರು, ಒಮ್ಮೆಲೇ ಊತ, ಒಂದು ಕಾಲು ಮಾತ್ರ ಬಾವು ಬಂದು ನೋವು, ಉಸಿರಾಟಕ್ಕೆ ಕಷ್ಟ: ಯಾವುದಾದರೂ ಕಂಡರೆ ಮುಂದಿನ ತಾರೀಕಿಗೆ ಕಾಯದೆ ಹೊರಡಿ.

ಡಿಸ್ಚಾರ್ಜ್ ದಿನ ಬಿಲ್ಲಿನ ಗಡಿಬಿಡಿಯಲ್ಲಿ ಒಂದು ಕೆಲಸ ಮರೆಯಬೇಡಿ. ಮೆಶ್ ಹಾಕಿದ್ದರೆ ಅದರ ಪೊಟ್ಟಣದ ಮೇಲೆ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸಣ್ಣ ಸ್ಟಿಕ್ಕರ್ ಇರುತ್ತದೆ. ಒಂದು ಆಸ್ಪತ್ರೆಯ ಫೈಲಿಗೆ ಹೋಗುತ್ತದೆ, ಇನ್ನೊಂದನ್ನು ಕೇಳಿ ಪಡೆದು ನಿಮ್ಮ ಕಾರ್ಡಿಗೆ ಅಂಟಿಸಿ. ಮೆಶ್ ಯಾವ ಪದರದಲ್ಲಿದೆ, ಫ್ಲ್ಯಾಪ್ ಯಾವ ತೊಡೆಯದು, ಅದರ ರಕ್ತನಾಳ ಎಲ್ಲಿ ಹಾದುಹೋಗಿದೆ ಅಂತ ಎರಡು ಸಾಲು ಬರೆಸಿಕೊಳ್ಳಿ. ಮುಂದೆ ಅಪೆಂಡಿಕ್ಸ್‌ಗೋ ಹೆರಿಗೆಗೋ ಬೇರೆ ಊರಲ್ಲಿ ಹೊಟ್ಟೆ ತೆರೆಯಬೇಕಾಗಿ ಬಂದರೆ, ಅಲ್ಲಿನ ಡಾಕ್ಟರ್ ಎಲ್ಲಿ ಕೊಯ್ಯಬಾರದು ಅಂತ ಆ ಎರಡು ಸಾಲು ನೋಡಿಯೇ ತಿಳಿಯಬೇಕು.